ಮಡ್ಡಿಯ ಮಣ್ಣು: ಮೋರಟಗಿ ಸೀಮೆಯ ಗರಸು ನೆಲದ ಇತಿಹಾಸ

ಗರಸು ನೆಲವೆಂದರೆ ಜೇಡಿಗಿಂತ ಹರಳು, ಉಸುಕುಗಳ ಪಾಲೇ ಹೆಚ್ಚಾಗಿರುವ, ಬಿದ್ದ ನೀರನ್ನು ಹಿಡಿದಿಡದೆ ಕೆಳಕ್ಕೆ ಬಿಟ್ಟುಕೊಡುವ ತೆಳು ನೆಲ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನಲ್ಲಿ, ಸಿಂದಗಿಯಿಂದ ಜೇವರ್ಗಿಗೆ ಹೋಗುವ ದಾರಿಯ ಮೇಲಿರುವ ಮೋರಟಗಿಯ ಸುತ್ತ ಈ ನೆಲಕ್ಕೆ ಎರೆಯಷ್ಟು, ಅಂದರೆ ಕಪ್ಪು ಮಣ್ಣಿನಷ್ಟು, ಹೆಸರಿಲ್ಲ. ಈ ಸೀಮೆ ಎಂದೊಡನೆ ನೆನಪಾಗುವುದು ಡೋಣಿ ಹೊಳೆಯ ಸಾಲಿನ ಕಪ್ಪು ಭೂಮಿ ಮತ್ತು ಅದರ ಬಿಳಿಜೋಳ. ಆದರೆ ಹೊಲದಿಂದ ಹೊಲಕ್ಕೆ ನಡೆಯುತ್ತ ಹೋದವರಿಗೆ ಕಾಲಡಿಯ ಮಣ್ಣು ಸ್ವಲ್ಪ ದೂರದಲ್ಲೇ ಬದಲಾಗುವುದು ಕಾಣುತ್ತದೆ. ಹಳ್ಳದ ದಂಡೆಯಲ್ಲಿ ಆಳುದ್ದದ ಎರೆ, ಇಳುಕಲಿನಲ್ಲಿ ಮೊಣಕಾಲುದ್ದದ ಮಸಾರಿ, ದಿಬ್ಬದ ನೆತ್ತಿಯಲ್ಲಿ ಗೇಣುದ್ದವೂ ಇಲ್ಲದ ಗರಸು. ನೆತ್ತಿಯ ಈ ನೆಲವೇ ಮಡ್ಡಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ನಾಲ್ಕೂ ತಾಲ್ಲೂಕುಗಳಲ್ಲಿ ಮಡ್ಡಿ ಇದೆ. ಅದರ ಹುಟ್ಟು ಮಾತ್ರ ಎಲ್ಲ ಕಡೆ ಒಂದೇ ಅಲ್ಲ.

ಭೂವಿಜ್ಞಾನದ ಪುಸ್ತಕಗಳು ಹರಳು-ಉಸುಕಿನ ನೆಲಕ್ಕೆ ಮಾದರಿಯಾಗಿ ತೋರಿಸುವುದು ಹಿಮನದಿಗಳ ಮುಂದೆ ಹರಡಿದ ಬಯಲುಗಳನ್ನು. ಕರಗಿದ ಹಿಮದ ನೀರು ಹೊಳೆಯಾಗಿ ಹರಿಯುವಾಗ ಮೊದಲು ದೊಡ್ಡ ಕಲ್ಲುಗಳನ್ನು, ಆಮೇಲೆ ಹರಳನ್ನು, ಇನ್ನೂ ಮುಂದೆ ಉಸುಕನ್ನು ಇಳಿಸುತ್ತದೆ; ಜೇಡಿಯನ್ನು ಮಾತ್ರ ಸರೋವರಕ್ಕೋ ಸಮುದ್ರಕ್ಕೋ ಒಯ್ಯುತ್ತದೆ. ಹಿಂದೆ ಉಳಿಯುವುದು ನೀರು ತೊಳೆದು ಬೇರ್ಪಡಿಸಿದ, ಪದರ ಪದರವಾದ ಒರಟು ಮಣ್ಣು. ಡೆನ್ಮಾರ್ಕಿನ ಜಟ್ಲಂಡ್ ಮತ್ತು ಅಮೆರಿಕದ ವಿಸ್ಕಾನ್ಸಿನ್ನಿನ ನಡುಭಾಗದ ಉಸುಕು ನೆಲಗಳು ಹೀಗೆ ಆದವು. ಐಸ್‌ಲೆಂಡಿನಲ್ಲಿ ಈ ಕೆಲಸ ಇವತ್ತಿಗೂ ನಡೆಯುತ್ತಿದೆ. ಕೊನೆಯ ಹಿಮಯುಗ ಮುಗಿದು ಸುಮಾರು 11,700 ವರ್ಷಗಳಾದವು. ಮಣ್ಣಿನ ಆಯುಸ್ಸಿನಲ್ಲಿ ಅದು ಸಣ್ಣ ಅವಧಿ. ಹಾಗಾಗಿ ಆ ನೆಲಗಳಲ್ಲಿ ಜೇಡಿ ಇನ್ನೂ ಕೂಡಿಲ್ಲ, ಸತ್ವ ಕಡಿಮೆ, ಹುಳಿ ಹೆಚ್ಚು.

ಆ ಹಿಮಯುಗದ ಹಿಮ ಕೃಷ್ಣಾ-ಭೀಮಾ ನಡುವಿನ ನಾಡನ್ನು ಮುಟ್ಟಲಿಲ್ಲ. ಅದಕ್ಕಿಂತ ಎಷ್ಟೋ ಹಳೆಯದಾದ, ಸುಮಾರು 30 ಕೋಟಿ ವರ್ಷಗಳ ಹಿಂದಿನ ಇನ್ನೊಂದು ಹಿಮಯುಗದ ಗುರುತುಗಳು ಭಾರತದ ನೆಲದಲ್ಲಿ ಉಳಿದಿವೆ. ಒಡಿಶಾದ ತಾಲ್ಚೇರಿನಲ್ಲಿ ಜೇಡಿಯ ನಡುವೆ ಹೂತುಕೊಂಡ ದೊಡ್ಡ ಗುಂಡುಗಲ್ಲುಗಳನ್ನು 1856ರಲ್ಲಿ ಬ್ಲ್ಯಾನ್‌ಫರ್ಡ್ ಸಹೋದರರು ಕಂಡು ಇದು ಹಿಮದ ಕೆಲಸವೆಂದು ಊಹಿಸಿದರು. ಉಷ್ಣವಲಯದಲ್ಲಿ ಹಿಮವೇ ಎಂದು ಆ ಕಾಲದ ವಿದ್ವಾಂಸರಿಗೆ ನಂಬಿಕೆ ಬರಲಿಲ್ಲ. ಮಹಾರಾಷ್ಟ್ರದ ಚಂದ್ರಪುರದ ಕಡೆ, ಪೆನ್‌ಗಂಗಾ ನದಿಯ ಇರೈ ಎಂಬಲ್ಲಿ ಸುಣ್ಣಕಲ್ಲಿನ ಹಾಸಿನ ಮೇಲೆ ಹಿಮ ಉಜ್ಜಿದ ಗೀರುಗಳನ್ನು 1875ರಲ್ಲಿ ಫೆಡ್ಡನ್ ವರ್ಣಿಸಿದ ಮೇಲೆ ಸಂಶಯ ಕಡಿಮೆಯಾಯಿತು. ದಖನ್ನಿನ ಕರಿಕಲ್ಲು ಹುಟ್ಟಿದ್ದು ಇದೆಲ್ಲ ಆದ ಬಹಳ ಕಾಲದ ಮೇಲೆ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಲಾವಾ ಪದರಗಳಾಗಿ ಹರಿದಾಗ. ಮೋರಟಗಿಯ ಗರಸು ಈ ಕಲ್ಲಿನ ಕೂಸು, ಹಿಮದ್ದಲ್ಲ.

ಲಾವಾ ಪದರಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಗಟ್ಟಿ ಕರಿಕಲ್ಲು. ಕೆಲವು ಗಾಳಿಗುಳ್ಳೆಗಳಿಂದ ತುಂಬಿದ ಮೆದುಕಲ್ಲು. ಗುಳ್ಳೆಗಳ ಪೊಟರೆಯಲ್ಲಿ ಮುಂದೆ ಬಿಳಿಯ ಹರಳುಗಳೂ ಅಕೀಕಿನಂಥ ಕಲ್ಲುಗಳೂ ಕೂಡಿಕೊಂಡವು. ಬಿಸಿಲು-ಮಳೆಗಳಿಗೆ ಮೆದುಕಲ್ಲು ಬೇಗ ಪುಡಿಯಾಗಿ ಹಳದಿ-ಕಂದು ಬಣ್ಣದ ಗರಸಾಗುತ್ತದೆ. ದಿಬ್ಬದ ನೆತ್ತಿಯಲ್ಲಿ ಈ ಗರಸಿನ ಮೇಲೆ ಮಣ್ಣು ಕೂಡುವ ಮೊದಲೇ ಮುಂಗಾರಿನ ಹೊಡೆತಕ್ಕೆ ಅದು ಕೊಚ್ಚಿಹೋಗುತ್ತದೆ. ಜೇಡಿ ಹಗುರವಾದ್ದರಿಂದ ಇಳುಕಲು ಹಿಡಿದು ಹಳ್ಳದ ಮಗ್ಗುಲಿಗೆ ಸೇರುತ್ತದೆ. ಹರಳು ಇದ್ದಲ್ಲೇ ಉಳಿಯುತ್ತದೆ. ಹಿಮದ ನೀರು ನೂರಾರು ಮೈಲಿಗಳಲ್ಲಿ ಮಾಡಿದ ವಿಂಗಡಣೆಯನ್ನು ಇಲ್ಲಿ ಮಳೆಯ ನೀರು ಒಂದು ಹೊಲದ ಏರುತಗ್ಗಿನಲ್ಲಿ ಮಾಡಿದೆ. ಡೋಣಿಯ ದಂಡೆಯ ಎರೆಯೂ ದಿಬ್ಬದ ಗರಸೂ ಒಂದೇ ಕಲ್ಲಿನ ಎರಡು ಪಾಲುಗಳೆಂದು ಹೇಳಿದರೆ ತಪ್ಪಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಇತ್ಯರ್ಥವಾಗದ ಚರ್ಚೆಯಾಗಿತ್ತು. ಧಾರವಾಡ ಸೀಮೆಯಲ್ಲಿ ದುಡಿದ ವೈದ್ಯ ಕ್ರಿಸ್ಟಿ ಎರೆಯನ್ನು ಕರಿಕಲ್ಲು ಕೊಳೆತು ಆದ ಮಣ್ಣೆಂದರೆ, ಸೇನೆಯ ನ್ಯೂಬೋಲ್ಡ್ ಅದನ್ನು ನೀರಿನ ತಳದಲ್ಲಿ ಕೂತ ಕೆಸರೆಂದು ವಾದಿಸಿದ್ದ.

ಮುದ್ದೇಬಿಹಾಳದ ಕಡೆ ಕಥೆ ಬೇರೆ. ಅಲ್ಲಿ ಲಾವಾದ ಹೊದಿಕೆ ಮುಗಿದು ಕೆಳಗಿನ ಹಳೆಯ ಶಿಲೆಗಳು ಹೊರಬರುತ್ತವೆ: ಕೃಷ್ಣೆಯ ದಿಕ್ಕಿಗೆ ಗ್ರಾನೈಟು ಜಾತಿಯ ಕಲ್ಲು ಮತ್ತು ಕಲಾದಗಿ ಶ್ರೇಣಿಯ ಮರಳುಗಲ್ಲು, ತಾಳಿಕೋಟೆಯ ಬದಿಗೆ ಭೀಮಾ ಶ್ರೇಣಿಯ ಸುಣ್ಣಕಲ್ಲು. ಗ್ರಾನೈಟು, ಮರಳುಗಲ್ಲುಗಳಲ್ಲಿ ಬೆಣಚು ಹೆಚ್ಚು. ಬೆಣಚು ಕೊಳೆಯುವುದಿಲ್ಲ, ಪುಡಿಯಾಗಿ ಉಸುಕಾಗುತ್ತದೆ ಅಷ್ಟೆ. ಅಲ್ಲಿನ ಕೆಂಪು ಉಸುಕು ನೆಲ ಹಿಮಬಯಲಿನ ಮಣ್ಣಿಗೆ ಮೋರಟಗಿಯ ಮಡ್ಡಿಗಿಂತ ಹತ್ತಿರದ ನಂಟು. ಈ ಶಿಲೆಗಳ ನಕ್ಷೆಯನ್ನು ಮೊದಲು ವಿವರವಾಗಿ ಬಿಡಿಸಿದ್ದು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಪ್ರಾಂತ್ಯದ ಭೂರಚನೆ ಕುರಿತ ಆತನ ಗ್ರಂಥ 1876ರಲ್ಲಿ ಹೊರಬಂತು. ಮೂರನೆಯ ಬಗೆಯ ಒರಟು ನೆಲ ಹೊಳೆಗಳು ತಂದದ್ದು. ಇಂಡಿ, ಸಿಂದಗಿಗಳ ಬಡಗಣ ಗಡಿಯಲ್ಲಿ ಹರಿಯುವ ಭೀಮೆ, ತೆಂಕಣದ ಕೃಷ್ಣೆ ತಮ್ಮ ಹಳೆಯ ಪಾತ್ರಗಳಲ್ಲಿ ಉರುಟುಗಲ್ಲು, ಹರಳು, ಉಸುಕಿನ ಪದರಗಳನ್ನು ಬಿಟ್ಟುಹೋಗಿವೆ. ಕೆಲವೆಡೆ ಸುಣ್ಣ ಇಳಿದು ಆ ಹರಳೆಲ್ಲ ಗಾರೆ ಹಾಕಿದಂತೆ ಬಿಗಿದುಕೊಂಡಿದೆ.

ಗರಸು ನೆಲದ ಗುಣವೆಲ್ಲ ಕಣಗಳ ಗಾತ್ರದಿಂದ ಬರುತ್ತದೆ. 2 ಮಿಲಿಮೀಟರಿಗಿಂತ ದೊಡ್ಡದು ಹರಳು. ಅದಕ್ಕಿಂತ ಸಣ್ಣದಾಗಿ ಕಣ್ಣಿಗೆ ಕಾಣುವಷ್ಟಿರುವುದು ಉಸುಕು. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತ ಚಿಕ್ಕದು ಜೇಡಿ. ದೊಡ್ಡ ಕಣಗಳ ನಡುವಿನ ಸಂದುಗಳೂ ದೊಡ್ಡವು. ನೀರು ಅಲ್ಲಿ ನಿಲ್ಲದೆ ಇಳಿಯುತ್ತದೆ, ಅದರ ಹಿಂದೆಯೇ ಗಾಳಿ ಬರುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆ ಬೆಳೆಯ ಬೇರಿಗೆ ಸುಮಾರು 150ರಿಂದ 200 ಮಿಲಿಮೀಟರ್ ನೀರನ್ನು ಕಾದಿಟ್ಟು ಕೊಡಬಲ್ಲದು. ಅಷ್ಟೇ ಆಳದ ಉಸುಕು ಮಣ್ಣಿನಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಮಡ್ಡಿಯಲ್ಲಂತೂ ಮೀಟರ್ ಆಳದ ಮಣ್ಣೇ ಇರುವುದಿಲ್ಲ. ಸತ್ವದ ಲೆಕ್ಕವೂ ಹೀಗೆಯೇ. ಗೊಬ್ಬರದ ಸಾರವನ್ನು ಹಿಡಿದುಕೊಳ್ಳುವುದು ಜೇಡಿಯ ಮೈ ಮತ್ತು ಕೊಳೆತ ಎಲೆಕಸ; ಎರಡೂ ಗರಸಿನಲ್ಲಿ ಕಡಿಮೆ. ಹಾಕಿದ ತಿಪ್ಪೆಗೊಬ್ಬರ ಬಿಸಿಲಿಗೆ ಬೇಗ ಕರಗುತ್ತದೆ, ಮಳೆಗೆ ಬೇಗ ಇಳಿದುಹೋಗುತ್ತದೆ. ಆದರೆ ಜಟ್ಲಂಡಿನ ಉಸುಕಿಗೆ ಇರುವ ಹುಳಿ ಮೋರಟಗಿಯ ಗರಸಿಗೆ ಇಲ್ಲ. ಕರಿಕಲ್ಲಿನಲ್ಲಿ ಸುಣ್ಣದ ಅಂಶ ಧಾರಾಳ, ಮಳೆಯೋ ವರ್ಷಕ್ಕೆ ಸುಮಾರು 600 ಮಿಲಿಮೀಟರ್; ಸುಣ್ಣವನ್ನು ಪೂರಾ ತೊಳೆದುಹಾಕುವಷ್ಟು ನೀರು ಇಲ್ಲಿ ಬೀಳುವುದೇ ಇಲ್ಲ. ಅಗೆದಲ್ಲೆಲ್ಲ ಬಿಳಿಯ ಸುಣ್ಣದ ಹರಳು ಸಿಗುವುದು ಅದಕ್ಕೇ.

ಇಷ್ಟನ್ನೇ ಕೇಳಿದವರು ಮಡ್ಡಿಯನ್ನು ಬರಡೆಂದು ತೀರ್ಮಾನಿಸುತ್ತಾರೆ. ಅದು ಅನ್ಯಾಯ. ಎರೆ ಒಂದು ಸಣ್ಣ ಮಳೆಗೆ ಮೇಲಿನ ಎರಡು ಬೆರಳು ಮಾತ್ರ ನೆನೆದು, ಮರುದಿನದ ಬಿಸಿಲಿಗೆ ಆ ನೀರನ್ನೆಲ್ಲ ಕಳೆದುಕೊಳ್ಳುತ್ತದೆ. ಅದಕ್ಕೆ ದೊಡ್ಡ ಮಳೆಗಳೇ ಬೇಕು. ಗರಸಿನಲ್ಲಿ ಅದೇ ಸಣ್ಣ ಮಳೆ ಬೇರಿನವರೆಗೆ ಇಳಿದು ಬಿಸಿಲಿನ ಕೈಗೆ ಸಿಗದೆ ಉಳಿಯುತ್ತದೆ. ಹನಿ ಹನಿಯಾಗಿ ಬರುವ ಮುಂಗಾರಿಗೆ ಮಡ್ಡಿ ಹೇಳಿಮಾಡಿಸಿದ ನೆಲ. ಉಳುಮೆಯಲ್ಲೂ ಹಾಗೆಯೇ: ಎರೆ ಹಸಿಯಿದ್ದಾಗ ಕಾಲಿಗೂ ಕುಂಟೆಗೂ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಾಗುತ್ತದೆ; ಗರಸಿನಲ್ಲಿ ಮಳೆ ನಿಂತ ಕೆಲವು ತಾಸುಗಳಲ್ಲೇ ಎತ್ತು ಹೂಡಬಹುದು. ಹರಳಿಗೆ ಕುಂಟೆಯ ಕುಡ ಬೇಗ ಸವೆಯುತ್ತದೆ, ಕಮ್ಮಾರನ ಮನೆಗೆ ಓಡಾಟ ಹೆಚ್ಚು, ಅಷ್ಟೆ.

ಈ ಸೀಮೆಯಲ್ಲಿ ಹರಳುಗಲ್ಲನ್ನು ಮನುಷ್ಯ ಬಳಸಿದ ಇತಿಹಾಸ ಬೇಸಾಯಕ್ಕಿಂತ ಬಹಳ ಹಳೆಯದು. ಕೃಷ್ಣೆಯ ಉಪನದಿಗಳಾದ ಘಟಪ್ರಭಾ, ಮಲಪ್ರಭಾಗಳ ಹರಳುಪದರಗಳಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಗೋಕಾಕದ ಬಳಿಯ ಚಿಕ್ಕದೌಳಿಯಲ್ಲಿ ದೊರೆತ ಘೇಂಡಾಮೃಗದ ಎಲುಬುಗಳನ್ನು ಫೂಟ್ 1874ರಲ್ಲಿ ವರ್ಣಿಸಿದ. ಮೋರಟಗಿಯ ದಕ್ಷಿಣಕ್ಕೆ, ಸುರಪುರ ಸೀಮೆಯ ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ಕೆ. ಪದ್ದಯ್ಯ 1970ರ ದಶಕದಿಂದ ನಡೆಸಿದ ಶೋಧ ಇನ್ನೂ ದೊಡ್ಡದು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಹೊಳೆಗಲ್ಲುಗಳಿಂದ ಬಡಿದು ಆಯುಧ ಮಾಡುತ್ತಿದ್ದ ನೆಲೆಯೇ ಸಿಕ್ಕಿತು; ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆಂದು ಅಂದಾಜಾಗಿದೆ. ಬಹಳ ಮುಂದೆ ಸೂಕ್ಷ್ಮ ಶಿಲಾಯುಗದ ಜನ ಲಾವಾದ ಪೊಟರೆಗಳಿಂದ ಕಳಚಿಬಿದ್ದ ಅಕೀಕಿನ ಹರಳುಗಳಿಂದ ಉಗುರಿನಷ್ಟು ಸಣ್ಣ ಅಲಗುಗಳನ್ನು ಸುಲಿದುಕೊಂಡರು.

ಬೇಸಾಯ ನೆಲೆನಿಂತ ಮೇಲೆ ಮಣ್ಣಿನ ಬಣ್ಣ ನಾಡಿನ ಹೆಸರುಗಳಿಗೇ ಹತ್ತಿತು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು, ಅದರ ಸೀಮೆ ಕಿಸುಕಾಡು ಎಪ್ಪತ್ತು. ಕಿಸು ಎಂದರೆ ಕೆಂಪು. ವಿಜಯಪುರದ ಈ ಭಾಗ ಚಾಲುಕ್ಯರ ಕಾಲದಲ್ಲಿ ತರ್ದವಾಡಿ ಸಾಸಿರಕ್ಕೆ ಸೇರಿತ್ತು. ಆ ಕಾಲದ ದಾನಶಾಸನಗಳು ಭೂಮಿಯನ್ನು ಮತ್ತರುಗಳಲ್ಲಿ ಎಣಿಸುವಾಗ ಎರೆಯ ಕೆಯ್ಯನ್ನು ಬೇರೆಯಾಗಿ ಹೆಸರಿಸುವುದುಂಟು. ದಾನ ಕೊಡುವವರಿಗೂ ಪಡೆಯುವವರಿಗೂ ಮಣ್ಣಿನ ಜಾತಿ ಮುಖ್ಯವಾಗಿತ್ತೆಂಬುದಕ್ಕೆ ಅದು ಸಾಕ್ಷಿ.

ಊರುಗಳು ಎಲ್ಲಿ ಕೂತಿವೆ ಎಂಬುದನ್ನು ನೋಡಿದರೆ ಗರಸಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎರೆಯ ಮೇಲೆ ಮನೆ ನಿಲ್ಲುವುದು ಕಷ್ಟ. ಆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ, ಗೋಡೆಗಳು ಸೀಳುತ್ತವೆ. ಗರಸು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಸಾಧ್ಯವಾದಲ್ಲೆಲ್ಲ ಹಿರಿಯರು ಊರು ಕಟ್ಟಿದ್ದು ಗರಸಿನ ಗಡ್ಡೆಯ ಮೇಲೆ, ಉತ್ತದ್ದು ಕೆಳಗಿನ ಎರೆಯನ್ನು. ಬೆಳೆದ ಜೋಳವನ್ನು ಇಟ್ಟದ್ದೂ ಗರಸಿನ ಹೊಟ್ಟೆಯಲ್ಲೇ. ಹಗೇವು ಎಂಬ ನೆಲಗಣಜವನ್ನು ನೀರು ನಿಲ್ಲದ, ಬಿರುಕು ಬಿಡದ ಗಟ್ಟಿ ಗರಸಿನಲ್ಲಿ ತೋಡುತ್ತಿದ್ದರು. ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಒಳಗೆ ಗಡಿಗೆಯಂತೆ ಅಗಲ. ಸುತ್ತಲೂ ತಳಕ್ಕೂ ಒಣಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಸ್ವಲ್ಪ ದಿನಗಳಲ್ಲೇ ತೀರಿ ಹುಳ ಬದುಕುತ್ತಿರಲಿಲ್ಲ. ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದೇ ಕಾರಣಕ್ಕೆ ಹಗೇವು ತೆಗೆಯುವಾಗ ಎಚ್ಚರ ಬೇಕಿತ್ತು. ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೊರಟುಹೋಗುವವರೆಗೆ ಬಹು ಹೊತ್ತು ಬಿಟ್ಟು ಆಮೇಲೆ ಇಳಿಯುತ್ತಿದ್ದರು; ಅವಸರಪಟ್ಟವರು ಉಸಿರುಗಟ್ಟಿ ಸತ್ತದ್ದುಂಟು. ಬರಗಾಲಕ್ಕೆ ಈ ನಾಡು ಮಾಡಿಕೊಂಡ ದೊಡ್ಡ ಸಿದ್ಧತೆ ಹಗೇವು. ಅದಕ್ಕೆ ಜಾಗ ಕೊಟ್ಟದ್ದು ಯಾರೂ ಹೊಗಳದ ಮಡ್ಡಿ ಎಂಬುದು ನೆನಪಿಡಬೇಕಾದ ಮಾತು.

ಬೆಳೆಯಲ್ಲೂ ಎರಡು ನೆಲಗಳು ಒಂದನ್ನೊಂದು ಹೊತ್ತವು. ರೋಹಿಣಿ, ಮೃಗಶಿರ ಮಳೆಗಳಿಗೆ ಮಡ್ಡಿಯಲ್ಲಿ ಸಜ್ಜೆ, ಹುರಳಿ, ಮಡಿಕೆ, ಗುರೆಳ್ಳು ಬಿತ್ತನೆ. ಉತ್ತರೆ, ಹಸ್ತ ಮಳೆಗಳಿಗೆ ಎರೆಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಎರಡೂ ಬಗೆಯ ಹೊಲವಿರುವ ಮನೆತನಕ್ಕೆ ಒಂದು ಹಂಗಾಮು ಕೈಕೊಟ್ಟರೆ ಇನ್ನೊಂದರ ಆಸೆ ಇರುತ್ತಿತ್ತು. ಬಿತ್ತದ ಮಡ್ಡಿ ದನಕುರಿಗಳಿಗೆ ಹುಲ್ಲುಗಾವಲು. ಸುಗ್ಗಿ ಮುಗಿದ ಮೇಲೆ ಕುರುಬರ ಹಿಂಡುಗಳನ್ನು ಹೊಲದಲ್ಲಿ ರಾತ್ರಿ ತಂಗಿಸಿ, ಹಿಕ್ಕೆ-ಮೂತ್ರಗಳಿಂದ ನೆಲ ಕೊಬ್ಬಿಸುವ ಪದ್ಧತಿ ಗರಸಿಗೆ ಬಹಳ ಒಗ್ಗಿತು. ಕೆರೆಯ ಹೂಳು, ಹಾಳೂರುಗಳ ಬೂದುಮಣ್ಣು ಹೇರುವುದೂ ಅದೇ ಉದ್ದೇಶಕ್ಕೆ: ಜೇಡಿ ಇಲ್ಲದ ನೆಲಕ್ಕೆ ಜೇಡಿ ತಂದು ಕೊಡುವುದು. ಜಟ್ಲಂಡಿನ ಉಸುಕು ಬಯಲನ್ನು ಹಸನು ಮಾಡಲು ಡಾಲ್ಗಾಸ್ ಮುಂದಾಳುತನದಲ್ಲಿ 1866ರಲ್ಲಿ ಕಟ್ಟಿದ ಡ್ಯಾನಿಷ್ ಸಂಘ ಸುಣ್ಣಜೇಡಿಯನ್ನು ಹೊಲಗಳಿಗೆ ಹೇರಿಸಿತು. ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲದ ಎರಡು ನಾಡಿನ ಒಕ್ಕಲಿಗರು ಒರಟು ನೆಲಕ್ಕೆ ಒಂದೇ ಮದ್ದು ಹುಡುಕಿಕೊಂಡಿದ್ದರು.

ಮಣ್ಣಿನ ಗುಣಕ್ಕೆ ಕಾಗದದ ಮೇಲೆ ಬೆಲೆ ಬರೆದದ್ದು ಮುಂಬಯಿ ಸರಕಾರದ ಭೂಮಾಪನ. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ ಪದ್ಧತಿ 1847ರ ಜಂಟಿ ವರದಿಯಲ್ಲಿ ಗಟ್ಟಿಯಾಯಿತು. 1848ರಲ್ಲಿ ಸಾತಾರಾ ಸಂಸ್ಥಾನ ಮುಗಿದು ವಿಜಯಪುರ ನೇರವಾಗಿ ಇಂಗ್ಲಿಷರ ಕೈಸೇರಿದ ಮೇಲೆ ಇಲ್ಲಿಯೂ ಅದೇ ಪದ್ಧತಿ ನಡೆಯಿತು. ಹೊಲವನ್ನು ಭಾಗಗಳಾಗಿ ಎಣಿಸಿ, ಒಂದೊಂದರಲ್ಲೂ ಗುಂಡಿ ತೋಡಿ, ಮಣ್ಣಿನ ಆಳವನ್ನು ಮೊಳದ ಲೆಕ್ಕದಲ್ಲಿ ಅಳೆದು, ಬಣ್ಣ-ನಯ ನೋಡಿ ದರ್ಜೆ ಬರೆಯುತ್ತಿದ್ದರು. ಮಣ್ಣಿಗೆ ಮೂರು ಗುಂಪು: ನುಣುಪಾದ ಕಪ್ಪು, ಅದಕ್ಕಿಂತ ಒರಟಾದ ಹೆಚ್ಚಾಗಿ ಕೆಂಪು, ಮೂರನೆಯದು ಹರಳು ತುಂಬಿದ ಇಲ್ಲವೇ ಸಡಿಲವಾಗಿ ಉದುರುವ ಬೂದು-ಕಂದು. ದರ್ಜೆ ಒಂಬತ್ತು, ಬೆಲೆ ಹದಿನಾರಾಣೆಯಿಂದ ಎರಡಾಣೆಗೆ ಇಳಿಯುತ್ತಿತ್ತು. ಮೇಲಾಗಿ ದೋಷಗಳಿಗೆ ಗುರುತುಗಳಿದ್ದವು: ಸುಣ್ಣದ ಹರಳು, ಉಸುಕು ಬೆರಕೆ, ಇಳುಕಲು, ಅಂಟಿಲ್ಲದ ಸಡಿಲು, ನೀರಿನ ಕೊಚ್ಚು, ಹೀಗೆ. ಒಂದು ದೋಷಕ್ಕೆ ಒಂದು ದರ್ಜೆ ಕೆಳಗೆ.

ಅಷ್ಟು ಕಟ್ಟುನಿಟ್ಟಾಗಿ ಮಣ್ಣನ್ನು ಅಗೆದು ನೋಡಿದ ಕೆಲಸ ಈ ನಾಡಿನಲ್ಲಿ ಹಿಂದೆ ನಡೆದಿರಲಿಲ್ಲ, ಅದರ ದಾಖಲೆಗಳಿಗೆ ಇಂದಿಗೂ ಬೆಲೆಯಿದೆ. ಮಡ್ಡಿಯ ಒಕ್ಕಲಿಗನಿಗೆ ಅದರಿಂದ ಒಂದು ಲಾಭವೂ ಆಯಿತು: ಕಂದಾಯ ಕಡಿಮೆ. ಆದರೆ ಆಣೆಯ ಲೆಕ್ಕ ಮಣ್ಣಿನ ಆಳವನ್ನು ಅಳೆಯಿತೇ ಹೊರತು ಮಳೆಯೊಂದಿಗೆ ಅದು ನಡೆದುಕೊಳ್ಳುವ ರೀತಿಯನ್ನು ಅಳೆಯಲಿಲ್ಲ. ಹದಿನಾರಾಣೆಯ ಎರೆ ಹಸ್ತದ ಮಳೆ ತಪ್ಪಿದ ವರ್ಷ ಒಂದಾಣೆಯನ್ನೂ ಕೊಡದಿರಬಹುದು. ಕಂದಾಯ ಮಾತ್ರ ಮೂವತ್ತು ವರ್ಷಕ್ಕೆ ಗೊತ್ತಾದದ್ದು. ಮೋರಟಗಿಯ ಪಡುವಣಕ್ಕೆ ಮುಂಬಯಿ ಇಲಾಖೆಯ ಈ ಲೆಕ್ಕ ನಡೆದರೆ, ಮೂಡಣಕ್ಕೆ ಜೇವರ್ಗಿಯ ಕಡೆ ನಿಜಾಮರ ರಾಜ್ಯ. ಒಂದೇ ಮಣ್ಣಿಗೆ ಗಡಿಯ ಎರಡು ಬದಿಗೆ ಎರಡು ಆಡಳಿತ.

1876ರಲ್ಲಿ ಮಳೆ ಪೂರಾ ಹೋಯಿತು. ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರ ಎಣಿಕೆಯಲ್ಲಿ 8 ಲಕ್ಷ ದಾಟಿತ್ತು. 1881ರಲ್ಲಿ ಅದು 6 ಲಕ್ಷ 40 ಸಾವಿರದ ಹತ್ತಿರಕ್ಕೆ ಕುಸಿದಿತ್ತು. ಐವರಲ್ಲಿ ಒಬ್ಬರು ಸತ್ತರು ಇಲ್ಲವೇ ನಾಡು ಬಿಟ್ಟರು. ಅಂಥ ಬರದಲ್ಲಿ ಗರಸೂ ಕಾಯಲಿಲ್ಲ. ಕಾಯ್ದದ್ದು ಹಗೇವುಗಳಲ್ಲಿ ಉಳಿದಿದ್ದ ಕಾಳು, ಅದೂ ಉಳ್ಳವರನ್ನು. ಪರಿಹಾರ ಕಾಮಗಾರಿಗಳಲ್ಲಿ ಹಸಿದ ಜನ ಮಡ್ಡಿಯ ಗರಸನ್ನು ಅಗೆದು, ಬುಟ್ಟಿಯಲ್ಲಿ ಹೊತ್ತು ರಸ್ತೆಗಳಿಗೆ ಸುರಿದರು. ಎರೆನಾಡಿನಲ್ಲಿ ಗರಸು ಹಾಕದ ದಾರಿ ಮಳೆಗಾಲಕ್ಕೆ ಕೆಸರಿನ ಹೊಂಡ. ಬಂಡಿಗಳು ಮಳೆಗಾಲದಲ್ಲೂ ಸಂತೆಗೆ ಹೋಗುವಂತಾದದ್ದು ಈ ಹರಳಿನಿಂದ.

ಬರದ ಪೆಟ್ಟು ಮುಂದಿನ ಶತಮಾನದಲ್ಲಿ ವಿಜ್ಞಾನದ ಕೆಲಸಕ್ಕೆ ದಾರಿಯಾಯಿತು. 1930ರ ದಶಕದ ನಡುವೆ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ತೆರೆದ ಐದು ಕೇಂದ್ರಗಳಲ್ಲಿ ವಿಜಯಪುರವೂ ಒಂದು; ಉಳಿದವು ಸೊಲ್ಲಾಪುರ, ರಾಯಚೂರು, ಬಳ್ಳಾರಿ ಬಳಿಯ ಹಗರಿ ಮತ್ತು ಆಗಿನ ಪಂಜಾಬಿನ ರೋಹ್ತಕ್. ಇವುಗಳ ಅನುಭವದಿಂದ ಮುಂಬಯಿ ಒಣಬೇಸಾಯ ಪದ್ಧತಿ ಎಂಬುದು ರೂಪುಗೊಂಡಿತು: ಒಡ್ಡು ಹಾಕುವುದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ಉಳುವುದು, ಬೀಜ ಕಡಿಮೆ ಹಾಕಿ ಸಾಲುಗಳನ್ನು ಅಗಲ ಬಿಡುವುದು, ಮತ್ತೆ ಮತ್ತೆ ಎಡೆ ಹೊಡೆದು ಮಣ್ಣಿನ ಬಾಯಿ ಮುಚ್ಚುವುದು. ಎನ್. ವಿ. ಕಾನಿಟ್ಕರ್ ಇದನ್ನೆಲ್ಲ 1944ರ ತಮ್ಮ ಗ್ರಂಥದಲ್ಲಿ ಕೂಡಿಸಿದರು. ಸೊಲ್ಲಾಪುರ ಬಳಿಯ ಮೊಹೋಳದಲ್ಲಿ ಆರಿಸಿದ ಮಾಲದಂಡಿ ಜೋಳ, ಅಂದರೆ ಎಂ 35-1, ನಡುಮಟ್ಟದ ಆಳದ ನೆಲಗಳಿಗೆ ಒಗ್ಗಿ ಈ ಸೀಮೆಯ ಮನೆಮಾತಾಯಿತು.

ಒಡ್ಡಿನ ಕಥೆ ಗರಸಿನ ಗುಣವನ್ನು ಚೆನ್ನಾಗಿ ತೋರಿಸುತ್ತದೆ. 1942ರಲ್ಲಿ ಮುಂಬಯಿ ಸರಕಾರ ಭೂಸುಧಾರಣಾ ಯೋಜನೆಗಳ ಕಾಯ್ದೆ ತಂದಿತು. 1942-43ರ ಬರದಲ್ಲಿ ವಿಜಯಪುರ ಜಿಲ್ಲೆಯಲ್ಲಿ ಸಮಪಾತಳಿ ಒಡ್ಡುಗಳನ್ನು ಪರಿಹಾರ ಕೆಲಸವಾಗಿ ದೊಡ್ಡ ಪ್ರಮಾಣದಲ್ಲಿ ಹಾಕಿಸಲಾಯಿತು. ಗರಸು, ಮಸಾರಿ ಹೊಲಗಳಲ್ಲಿ ಅವು ನಿಂತವು: ಒಡ್ಡಿನ ಹಿಂದೆ ಕೂತ ನೀರು ಬೇಗ ಇಂಗಿತು, ಮಣ್ಣು ಉಳಿಯಿತು. ಆಳದ ಎರೆಯಲ್ಲಿ ಆದದ್ದು ಬೇರೆ. ನೀರು ಇಂಗದೆ ವಾರಗಟ್ಟಲೆ ನಿಂತು ಬೆಳೆ ಕೊಳೆಯಿತು. ಬೇಸಿಗೆಯಲ್ಲಿ ಬಿರಿದ ಒಡ್ಡು ಮುಂದಿನ ಮಳೆಗೆ ಬಿರುಕಿನಲ್ಲೇ ಒಡೆಯಿತು. ಹದಿನಾರಾಣೆಯ ಮಣ್ಣು ಸೋತ ಪರೀಕ್ಷೆಯಲ್ಲಿ ಎರಡಾಣೆಯದು ಗೆದ್ದಿತ್ತು. 1954ರಲ್ಲಿ ಬಳ್ಳಾರಿಯಲ್ಲಿ ಕಪ್ಪು ಭೂಮಿಗೆಂದೇ ಮಣ್ಣು-ನೀರು ಸಂರಕ್ಷಣೆಯ ಕೇಂದ್ರ ತೆರೆದ ಮೇಲೆ ಎರೆಗೆ ಹೆಚ್ಚಿನ ನೀರನ್ನು ಮೆಲ್ಲಗೆ ಹೊರಗೆ ಬಿಡುವ ಇಳಿಜಾರಿನ ಒಡ್ಡುಗಳು ಬಂದವು. ವಿಜಯಪುರದ ಕೇಂದ್ರ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ಕಟ್ಟಿ ಹಿಂಗಾರಿಗೆ ಮಳೆ ಹಿಡಿಯುವ ಕ್ರಮವನ್ನು ಹರಡಿತು.

ಎರೆಯ ಮೇಲೆ ಉಸುಕನ್ನೇ ಹೊದಿಸುವ ರೂಢಿ ಇವೆಲ್ಲಕ್ಕಿಂತ ಸೋಜಿಗದ್ದು. ಕೊಪ್ಪಳ, ಗದಗ, ಬಾಗಲಕೋಟೆ ಜಿಲ್ಲೆಗಳ ಎರೆ ಹೊಲಗಳಲ್ಲಿ ರೈತರು ಹಳ್ಳದ ಉಸುಕು-ಹರಳನ್ನು ಬಂಡಿಯಲ್ಲಿ, ಈಚೆಗೆ ಟ್ರ್ಯಾಕ್ಟರಿನಲ್ಲಿ ತಂದು ಹೊಲದ ತುಂಬ ಕೆಲವು ಬೆರಳು ದಪ್ಪ ಹರಡುತ್ತಾರೆ. ಮಳೆ ಉಸುಕಿನ ಸಂದುಗಳಲ್ಲಿ ಇಳಿದು ಎರೆಗೆ ಸೇರುತ್ತದೆ. ಮೇಲಿನ ಒಣ ಹರಳು ಆ ನೀರು ಆವಿಯಾಗದಂತೆ ತಡೆಯುತ್ತದೆ. ಎರೆ ಬಿರಿಯುವುದೂ ಕಡಿಮೆಯಾಗುತ್ತದೆ. ಗರಸಿನ ಕುಡಿಯುವ ಗುಣ, ಎರೆಯ ಕಾದಿಡುವ ಗುಣ ಎರಡೂ ಒಂದೇ ಹೊಲದಲ್ಲಿ ಕೂಡುತ್ತವೆ. ಖರ್ಚು ದೊಡ್ಡದು, ಆದರೆ ಒಮ್ಮೆ ಹಾಕಿದ ಹೊದಿಕೆ ಅನೇಕ ವರ್ಷ ಬಾಳುತ್ತದೆ. ಚೀನಾದ ಗಾನ್ಸು ಪ್ರಾಂತ್ಯದ ಒಣನಾಡಿನಲ್ಲಿ ಹರಳು ಹೊದಿಸಿದ ಹೊಲಗಳಿಗೆ ನೂರಾರು ವರ್ಷಗಳ ಇತಿಹಾಸವಿದೆ. ಸ್ಪೇನಿನ ಲಾನ್ಸರೋಟೆ ದ್ವೀಪದಲ್ಲಿ 1730ರಿಂದ 1736ರವರೆಗೆ ಉಗುಳಿದ ಜ್ವಾಲಾಮುಖಿಯ ಹರಳು ಹೊಲಗಳ ಮೇಲೆ ಬಿದ್ದಾಗ ಅಲ್ಲಿನವರು ಕಲಿತದ್ದೂ ಇದನ್ನೇ.

ನೀರಾವರಿ ಬಂದ ಮೇಲೆ ಮಣ್ಣುಗಳ ಹಳೆಯ ಮೇಲು-ಕೀಳು ಅಲುಗಾಡಿತು. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿಗಳ ಕಡೆಗೆ ನೀರು ತಂದಿತು. ಎರೆಗೆ ಕಾಲುವೆಯ ನೀರು ಬಿಟ್ಟು ಬಸಿಗಾಲುವೆ ಮರೆತಲ್ಲಿ ನೀರು ಕೆಳಗೆ ಹೋಗಲಾರದೆ ಮೇಲೆ ಬಂದು, ಜೊತೆಗೆ ಉಪ್ಪನ್ನು ತಂದು ಹೊಲವನ್ನು ಸವಳು ಮಾಡುತ್ತದೆ. ಗರಸಿಗೆ ಆ ರೋಗವಿಲ್ಲ. ಅದರ ದೋಷವೆಂದು ಬರೆದಿಟ್ಟ ಬಸಿಯುವ ಗುಣವೇ ಇಲ್ಲಿ ಅದನ್ನು ಕಾಯುತ್ತದೆ. ಆದರೆ ಹರಿಗಾಲುವೆಯ ಅರ್ಧ ನೀರನ್ನು ಅದೇ ಕುಡಿದುಬಿಡುವುದರಿಂದ ಕಾಲುವೆಯ ನೀರಿಗಿಂತ ಹನಿ ನೀರಾವರಿಯೇ ಮಡ್ಡಿಗೆ ಸರಿಹೋಯಿತು.

ಬೇರಿನ ಬುಡದಲ್ಲಿ ನೀರು ನಿಂತರೆ ಕೊಳೆಯುವ ಗಿಡಗಳಿಗೆ ಹನಿ ನೀರಿನ ಮಡ್ಡಿ ಒಳ್ಳೆಯ ನೆಲೆ: ನಿಂಬೆ, ದಾಳಿಂಬೆ, ದ್ರಾಕ್ಷಿ. ಇಂಡಿ, ಸಿಂದಗಿಗಳ ನಿಂಬೆ ಹಣ್ಣು ದೇಶದ ದೂರದ ಪೇಟೆಗಳಿಗೆ ಹೋಗುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಡ್ಡಿಯಲ್ಲಿ ತೋಟ ಹಾಕುವವರು ಗರಸಿನಲ್ಲಿ ಆಳವಾದ ತಗ್ಗು ತೋಡಿ, ಅದಕ್ಕೆ ಎರೆಮಣ್ಣನ್ನೂ ತಿಪ್ಪೆಗೊಬ್ಬರವನ್ನೂ ತುಂಬಿ ಸಸಿ ನೆಡುತ್ತಾರೆ. ಶೇಂಗಾ ಕೂಡ ಸಡಿಲ ನೆಲದ ಬೆಳೆ. ಕಾಯಿ ಮಣ್ಣಿಗೆ ಇಳಿಯಲೂ ಕೀಳುವಾಗ ಬಿಟ್ಟು ಬರಲೂ ಗರಸುಮಿಶ್ರ ಮಸಾರಿಯಷ್ಟು ಸುಲಭದ ನೆಲ ಇನ್ನೊಂದಿಲ್ಲ.

ಇದರ ಜೊತೆಗೇ ಗರಸು ನೆಲವಾಗಿ ಉಳಿಯದೆ ಸರಕಾಗಿ ಹೋಗುವುದೂ ಹೆಚ್ಚಿದೆ. ರಸ್ತೆ, ಕಾಲುವೆಯ ಏರಿ, ಹೊಸ ಮನೆಗಳ ತಳಪಾಯ ಎಲ್ಲಕ್ಕೂ ಮಡ್ಡಿಯನ್ನು ಅಗೆಯುತ್ತಾರೆ. ಭೀಮೆಯ ಪಾತ್ರದ ಉಸುಕು ಲಾರಿಗಳಲ್ಲಿ ಊರು ಬಿಡುತ್ತದೆ. ಹೊಳೆಯ ಉಸುಕು ದಂಡೆಯ ಬಾವಿಗಳಿಗೆ ನೀರನ್ನು ಸೋಸಿ ಕೊಡುವ ಹಾಸು. ಅದು ಹೋದರೆ ಬಾವಿಯ ನೀರೂ ಇಳಿಯುತ್ತದೆ. ಮಡ್ಡಿಯ ಮೇಲೆ ಬಿದ್ದ ಮಳೆ ಗರಸಿನಲ್ಲಿ ಇಂಗಿ, ಕೆಳಗಿನ ಬಿರುಕುಗಲ್ಲಿನ ಸಂದುಗಳಲ್ಲಿ ಹರಿದು, ಇಳುಕಲಿನ ಬಾವಿಗಳಲ್ಲಿ ಒಸರುತ್ತದೆ. ಮಳೆಯ ನೀರು ಈ ಸೀಮೆಯಲ್ಲಿ ನೆಲದೊಳಗೆ ಹೋಗುವ ಮುಖ್ಯ ಬಾಗಿಲು ಅದೇ. ಜಲಾನಯನ ಯೋಜನೆಗಳಲ್ಲಿ ಇಂಗುಗುಂಡಿ, ಕಂದಕಗಳನ್ನು ದಿಬ್ಬದ ನೆತ್ತಿಯಿಂದ ಆರಂಭಿಸಿ ಹಳ್ಳದ ಕಡೆಗೆ ಇಳಿಯುತ್ತ ತೋಡುವುದು ಈ ಕಾರಣಕ್ಕೆ: ಮೊದಲು ಮಡ್ಡಿ, ಆಮೇಲೆ ಮಸಾರಿ, ಕೊನೆಗೆ ಎರೆ.